ಸದ್ದಿಲ್ಲದ ಗಾಡಿಯ ಬಗ್ಗೆ ನನ್ನ ಅಭಿಪ್ರಾಯ

ನಮ್ಮೂರಿನಲ್ಲಿ ಹೊಸ ಕಾರು ಕೊಂಡವರು ಮೊದಲು ದೇವಸ್ಥಾನಕ್ಕೆ ಹೋಗುವುದಿಲ್ಲ, ಕಟ್ಟೆಗೆ ಬರುತ್ತಾರೆ. ನಿಂಬೆಹಣ್ಣು, ಹೂವಿನ ಹಾರ ಎಲ್ಲ ಆಮೇಲಿನ ಮಾತು. ಬಸ್‌ಸ್ಟ್ಯಾಂಡಿನ ಹಿಂದೆ, ಖಲೀಲ್ ಸಾಬರ ಟಿಂಕರಿಂಗ್ ಶೆಡ್ಡಿನ ಎದುರಿಗೆ ಒಂದು ಹೊಂಗೆಮರವಿದೆ. ಅದರ ಸುತ್ತ ಸೊಂಟದೆತ್ತರದ ಕಲ್ಲುಕಟ್ಟೆ. ಆ ಕಟ್ಟೆಯ ಮೇಲೆ ಕೂತು, ಎದುರಿಗಿರುವ ಗಾಡಿಯ ಬಗ್ಗೆ ಮನಸ್ಸಿನಲ್ಲಿರುವುದನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ಗಾಡಿ ಅಂದಿನಿಂದ ಹಾಗೆಯೇ ಆಗುತ್ತದೆ. ಹೊಗಳಿದರೆ ಹೊಗಳಿದ ಹಾಗೆ, ತೆಗಳಿದರೆ ತೆಗಳಿದ ಹಾಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಬೇರೆ ಊರಿನವರು ಮಕ್ಕಳಿಗೆ ಬುದ್ಧಿ ಹೇಳಲು ಬಳಸುತ್ತಾರಂತೆ. ನಮ್ಮೂರಿನಲ್ಲಿ ಅದನ್ನು ಕಾರು ತರುವವರು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆ.

ಪಶುವೈದ್ಯರು ತಂದ ಬಿಳಿ ಕಾರಿನ ಚಾವಣಿಯಲ್ಲಿ ಒಂದು ಗಾಜಿನ ಕಿಂಡಿ ಇತ್ತು, ಬಟನ್ ಒತ್ತಿದರೆ ತೆರೆಯುವಂಥದ್ದು. ಸ್ಪೇರ್‌ಪಾರ್ಟ್ಸ್ ಅಂಗಡಿಯ ರಂಗಮಣಿ ಅದನ್ನು ನೋಡಿ, "ಇಷ್ಟು ದೊಡ್ಡ ತೂತು ಮಾಡಿಸ್ಕೊಂಡ್ಮೇಲೆ ಸೋರದೆ ಇರುತ್ತಾ?" ಎಂದಳು. ಅಂದಿನಿಂದ ಏಪ್ರಿಲ್ ಬಿಸಿಲಿನಲ್ಲೂ ಡಾಕ್ಟರ ಬಲ ಹೆಗಲಿನ ಮೇಲೆ ತೊಟ್ಟು ತೊಟ್ಟು ನೀರು. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ, ಹೆಗಲಿಗೊಂದು ಟವೆಲು ಹಾಕಿಕೊಂಡು ಓಡಿಸುವುದನ್ನು ರೂಢಿ ಮಾಡಿಕೊಂಡರು. ತಾಲ್ಲೂಕು ಕಚೇರಿಯ ಹೆಡ್‌ಕ್ಲಾರ್ಕು ತಂದ ಕಾರಿನಲ್ಲಿ ಬಟನ್ನುಗಳೇ ಇರಲಿಲ್ಲ, ಎಲ್ಲಕ್ಕೂ ಒಂದು ಅಗಲ ಪರದೆ. "ಮುಂಚೆ ಕತ್ಲಲ್ಲಿ ತಡಕಿದ್ರೂ ಎಲ್ಲಾ ಕೈಗೆ ಸಿಗ್ತಿತ್ತು. ಇದ್ರಲ್ಲಿ ಏಸಿ ಹುಡುಕಿ ಹಾಕೋ ಹೊತ್ಗೆ ಊರೇ ಬಂದಿರುತ್ತೆ," ಎಂದರು ಖಲೀಲ್ ಸಾಬರು. ಈಗಲೂ ಆ ಕಾರಿನಲ್ಲಿ ಇಳಿಯುವ ಜಾಗ ಬಂದ ಮೇಲೆಯೇ ತಣ್ಣನೆ ಗಾಳಿ ಬರುವುದು. ಹೆಡ್‌ಕ್ಲಾರ್ಕಿನ ಮನೆಯವರು ಊರು ತಲುಪಿದ ಮೇಲೆ ಬಾಗಿಲು ಹಾಕಿಕೊಂಡು ಕಾಲು ಗಂಟೆ ಒಳಗೇ ಕೂತಿದ್ದು ಇಳಿಯುತ್ತಾರೆ.

ಒಳ್ಳೆಯದೂ ಆಗಿದೆ. ಹೂವಿನ ಮಾದೇಗೌಡರ ವ್ಯಾನಿನ ಬ್ರೇಕನ್ನು ನಾನೊಮ್ಮೆ ಮನಸಾರೆ ಮೆಚ್ಚಿದ್ದೆ. ಅದು ಈಗ ಕೋಳಿಮರಿ ಅಡ್ಡ ಬಂದರೂ ತಾನಾಗಿ ನಿಲ್ಲುತ್ತದೆ. ಆದರೆ ಬಾಯಿಮಾತಿನ ಹೊಗಳಿಕೆ ಕಟ್ಟೆಯ ಮೇಲೆ ನಡೆಯುವುದಿಲ್ಲ. ಬೆಲ್ಲದ ವ್ಯಾಪಾರಿಯೊಬ್ಬ ಎರಡು ಡಬ್ಬಿ ಮೈಸೂರುಪಾಕು ತಂದಿಟ್ಟು ತನ್ನ ಕಾರನ್ನು ಹೊಗಳಿಸಿಕೊಂಡ. ಪಾಕು ಖಾಲಿಯಾಯಿತು, ಕಾರು ಇದ್ದ ಹಾಗೇ ಇತ್ತು. ಆಡಿದ ಮಾತನ್ನು ಆಡಿದವರೇ ಹಿಂದಕ್ಕೆ ತೆಗೆದುಕೊಳ್ಳಬಹುದು, ಅದೂ ಮನಸ್ಸು ನಿಜವಾಗಿ ಬದಲಾಗಿದ್ದರೆ ಮಾತ್ರ.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡುತ್ತೇನೆ. ಅಭಿಪ್ರಾಯ ಹೇಳುವಾಗ ಗಾಡಿಯ ಒಡೆಯರು ಎದುರಿಗೆ ಇರಬಾರದು, ಅದು ಯಾರದೆಂದು ಕೂತವರು ಕೇಳಲೂಬಾರದು, ಗೊತ್ತಿದ್ದವರು ಹೇಳಲೂಬಾರದು. ಹೆತ್ತವರಿಗೆ ಹೆಗ್ಗಣ ಮುದ್ದು. ಒಡೆಯರ ಮುಖ ಕಂಡರೆ ದಾಕ್ಷಿಣ್ಯ ಹುಟ್ಟುತ್ತದೆ, ಮಾತು ಸುಳ್ಳಾಗುತ್ತದೆ. ಆದ್ದರಿಂದ ಅವರು ಗಾಡಿ ನಿಲ್ಲಿಸಿ, ಚಾವಿಯನ್ನು ಬಾನೆಟ್ಟಿನ ಮೇಲಿಟ್ಟು, ಖಲೀಲ್ ಸಾಬರ ಶೆಡ್ಡಿನೊಳಗೆ ಹೋಗಿ ಕೂತುಕೊಳ್ಳಬೇಕು. ಈ ಪದ್ಧತಿ ಮಾಡಿದವನು ನಾನೇ. ಮಾಡಿದ್ದುಣ್ಣೋ ಮಹಾರಾಯ ಎಂದು ನನ್ನ ಹೆಂಡತಿ ಪುಟ್ಟತಾಯಿ ಆಮೇಲೆ ಸಾವಿರ ಸಲ ಹೇಳಿದ್ದಾಳೆ.

ನನ್ನ ಹೆಸರು ದೊರೆಸ್ವಾಮಿ. ಮೂವತ್ತೆಂಟು ವರ್ಷ ಗ್ಯಾರೇಜು ನಡೆಸಿದವನು. ಕಣ್ಣು ಮುಚ್ಚಿ ಕೂತರೂ ರಸ್ತೆಯಲ್ಲಿ ಬರುತ್ತಿರುವ ಗಾಡಿಯ ಯಾವ ಸಿಲಿಂಡರು ಕೆಮ್ಮುತ್ತಿದೆ ಎಂದು ಹೇಳುತ್ತಿದ್ದೆ. ಎಂಜಿನ್ನಿನ ಸದ್ದೇ ಗಾಡಿಯ ಉಸಿರು ಎಂದು ನಂಬಿದವನು. ಬಂದ ಹೊಸತನ್ನೆಲ್ಲ ನೋಡಿದ್ದೇನೆ, ಎಲ್ಲದರ ಬಗ್ಗೆಯೂ ಹೇಳಿದ್ದೇನೆ. ಸ್ಟೆಪ್ನಿ ತೆಳ್ಳಗಾದಾಗ ಇದು ಸೈಕಲ್ಲಿನದ್ದು ಎಂದೆ. ಆಮೇಲೆ ಸ್ಟೆಪ್ನಿಯನ್ನೇ ತೆಗೆದು, ಪಂಚರಾದರೆ ಹಾಕಿಕೊಳ್ಳಿ ಎಂದು ಒಂದು ಡಬ್ಬಿ ಅಂಟು ಕೊಟ್ಟು ಕಳಿಸತೊಡಗಿದಾಗ ಎರಡು ದಿನ ಊಟ ಸೇರಲಿಲ್ಲ. ಗೇರು ತಾನಾಗಿ ಬದಲಾಗುವ ಮೊದಲ ಗಾಡಿಯನ್ನು ಸಬ್‌ರಿಜಿಸ್ಟ್ರಾರ್ ತಂದಾಗ, "ಎಡಗಾಲಿಗೆ ಪಿಂಚಣಿ ಕೊಟ್ಟಂಗಾಯ್ತು," ಎಂದೆ. ಪಾಪ, ಅವರು ಸ್ಟೇರಿಂಗ್ ಹಿಡಿದರೆ ಇವತ್ತಿಗೂ ಎಡಗಾಲು ಜೋಮು ಹಿಡಿಯುತ್ತದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು. ಸುಳ್ಳು ಮಾತ್ರ ಹೇಳಿದವನಲ್ಲ.

ಅವತ್ತು ಗುರುವಾರ, ಬೆಳಿಗ್ಗೆ ಹತ್ತರ ಹೊತ್ತು. ರಸ್ತೆಗೆ ಬೆನ್ನು ಹಾಕಿ ಕೂತು, ಹಳೆಯ ಡೀಸೆಲ್ ಎಂಜಿನ್ನುಗಳಿಗೂ ಈಗಿನವಕ್ಕೂ ಏನು ವ್ಯತ್ಯಾಸ ಎಂದು ರಂಗಮಣಿಗೆ ವಿವರಿಸುತ್ತಿದ್ದೆ. ಅವಳು ನನ್ನ ಮಾತು ಕೇಳುತ್ತಿರಲಿಲ್ಲ, ನನ್ನ ಹೆಗಲಾಚೆ ನೋಡುತ್ತಿದ್ದಳು. ಖಲೀಲ್ ಸಾಬರು ಟೀ ಲೋಟ ಕೆಳಗಿಟ್ಟು, "ದೊರೆಣ್ಣಾ, ಹಿಂದೆ ನೋಡು," ಎಂದರು.

ತಿರುಗಿದೆ. ನನ್ನ ಬೆನ್ನಿಗೆ ಎರಡು ಮಾರು ದೂರದಲ್ಲಿ ಒಂದು ನೀಲಿ ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ಚಾವಿ. ಮೂತಿಯಲ್ಲಿ ಗಾಳಿ ಹೋಗುವ ಜಾಲರಿ ಇಲ್ಲ, ಹಿಂದೆ ಹೊಗೆ ಕೊಳವೆ ಇಲ್ಲ. ಕರೆಂಟಿನ ಗಾಡಿ. ಕರೆಂಟಿನದ್ದು ಎಂಬುದಕ್ಕೆ ನನಗೆ ಸಿಟ್ಟು ಬರಲಿಲ್ಲ, ನಿಜ ಹೇಳುತ್ತೇನೆ. ಒಂದು ಗಾಡಿ ನನ್ನ ಬೆನ್ನ ಹಿಂದೆಯೇ ಬಂದು ನಿಂತಿತ್ತು, ನನ್ನ ಕಿವಿಗೆ ಗೊತ್ತಾಗಿರಲಿಲ್ಲ. ಅದು ಅವಮಾನ. ಮೈಯೆಲ್ಲ ಉರಿಯಿತು.

"ಉಸಿರೇ ಇಲ್ವಲ್ಲ ಇದಕ್ಕೆ! ಉಸಿರಿಲ್ಲದ್ದು ಏರು ಹತ್ತಲ್ಲ," ಎಂದೆ. ರಂಗಮಣಿ ಜೋರಾಗಿ ಕೆಮ್ಮಿದಳು. ನಾನು ನಿಲ್ಲಿಸಲಿಲ್ಲ. "ಊರೊಳಗೆ ತರಕಾರಿ ತರೋಕಷ್ಟೇ ಸೈ. ಮೇಲಟ್ಟಿ ರಸ್ತೇಲಿ ಮೂರನೇ ತಿರುವು ದಾಟಲ್ಲ. ಅಲ್ಲಿ ಉಸ್ಸಪ್ಪಾ ಅಂತ ನಿಂತ್ಕೊಳ್ಳುತ್ತೆ. ಬರೆದಿಟ್ಕೊಳ್ಳಿ."

ಶೆಡ್ಡಿನೊಳಗಿಂದ ನನ್ನ ಮಗಳು ಸುಕನ್ಯಾ ಬಂದಳು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು ಅವಳು. ಗಂಡನ ಮನೆ ನಮ್ಮಿಂದ ಎರಡು ಬೀದಿ ಆಚೆ. ಕಾರು ಕೊಳ್ಳುವ ವಿಷಯ ನನಗೆ ಹೇಳಿರಲಿಲ್ಲ, ಅಪ್ಪನ ಬಾಯಿಂದ ದಾಕ್ಷಿಣ್ಯವಿಲ್ಲದ ಒಳ್ಳೆಯ ಮಾತು ಬೀಳಲಿ ಎಂದು ಪದ್ಧತಿಯ ಪ್ರಕಾರವೇ ತಂದಿದ್ದಳು. ಬಾನೆಟ್ಟಿನ ಮೇಲಿನ ಚಾವಿ ಎತ್ತಿಕೊಂಡು, "ಬರ್ಕೊಂಡೆ ಅಪ್ಪಾ," ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇಲಟ್ಟಿ ಎಂದರೆ ಗುಡ್ಡದ ಮೇಲಿನ ಹತ್ತೊಂಬತ್ತು ಮನೆಗಳ ಹಟ್ಟಿ. ಏಳು ತಿರುವಿನ ಕಡಿದಾದ ದಾರಿ. ಬಸ್ಸಿಲ್ಲ. ಬೆಳಿಗ್ಗೆ ಹಾಲಿನ ವ್ಯಾನು ಒಂದು ಸಲ ಹತ್ತಿ ಇಳಿದರೆ ಮುಗಿಯಿತು. ವಾರಕ್ಕೆ ಎರಡು ದಿನ ತಾನೇ ಬಂದು ಬಸುರಿಯರನ್ನು ನೋಡುತ್ತೇನೆ, ಹೆರಿಗೆ ನೋವು ಬಂದರೆ ಯಾವ ಹೊತ್ತಾದರೂ ಬರುತ್ತೇನೆ ಎಂದು ಸುಕನ್ಯಾ ಆ ಹೆಂಗಸರಿಗೆ ಮಾತು ಕೊಟ್ಟಿದ್ದಳು. ಕಾರು ಕೊಂಡದ್ದೇ ಅದಕ್ಕೆ. ಇಡೀ ತಾಲ್ಲೂಕಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಅದೊಂದೇ ಏರು, ನಾನು ಹೆಸರು ಹಿಡಿದು ಮುಚ್ಚಿದ್ದೂ ಅದೊಂದನ್ನೇ.

ಮರುದಿನ ಅವಳು ಹೊರಟಳು. ಮೂರನೇ ತಿರುವಿಗೆ ಕಾರು ನಿಂತಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಉಳಿದ ನಾಲ್ಕು ಕಿಲೋಮೀಟರು ನಡೆದು ಹತ್ತಿದಳಂತೆ. ಸಂಜೆ ಮನೆಗೆ ಬಂದು ಅವರಮ್ಮನ ಹತ್ತಿರ ಬಿಸಿನೀರು ಕೇಳಿ ಕಾಲು ನೆನೆಸಿಕೊಂಡು ಕೂತಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅವಳ ಪಾಲಿನ ಮಾತನ್ನೂ ಸೇರಿಸಿ ಪುಟ್ಟತಾಯಿ ಅಂದಳು. "ನಿಮ್ ಬಾಯಿಗೆ ಬೀಗ ಹಾಕೋಕೆ ಯಾವ ಗಾಡಿ ಚಾವೀನೂ ಆಗಲ್ವಲ್ಲ! ಹೋಗಿ, ಹೇಳಿದ್ದನ್ನ ವಾಪಸ್ ತಗೊಳ್ಳಿ."

ಹೋದೆ. ಕಾರನ್ನು ಎದುರಿಗೆ ನಿಲ್ಲಿಸಿಕೊಂಡು ಕಟ್ಟೆಯ ಮೇಲೆ ಕೂತು, "ಈ ಗಾಡಿ ಏರು ಹತ್ತುತ್ತೆ," ಎಂದೆ. ಸುಕನ್ಯಾ ಹೋಗಿ ನೋಡಿದಳು, ಮೂರನೇ ತಿರುವು. ಮರುದಿನ ಮನೆದೇವರ ಹೆಸರು ಸೇರಿಸಿ ಹೇಳಿದೆ, ಮೂರನೇ ತಿರುವು. ಕಲ್ಲಿನ ಮೇಲೆ ಅಂಗೈ ಊರಿ ಆಣೆ ಮಾಡಿದೆ. ಆವತ್ತಂತೂ ತಿರುವಿಗೆ ಇನ್ನೂ ಎರಡಡಿ ಇರುವಾಗಲೇ ನಿಂತಿತಂತೆ.

"ನಿಂಗೆ ನಂಬಿಕೆ ಇಲ್ಲ ದೊರೆಣ್ಣಾ, ಅದಕ್ಕೆ," ಎಂದರು ಖಲೀಲ್ ಸಾಬರು.

"ಹತ್ತಿದ್ರೆ ನಂಬ್ತೀನಿ."

"ನಂಬಿದ್ರೆ ಹತ್ತುತ್ತೆ."

ಇದೇ ಮಾತನ್ನು ನಾವಿಬ್ಬರೂ ಅವತ್ತು ಏಳೆಂಟು ಸಲ ಅದಲುಬದಲು ಮಾಡಿ ಆಡಿದೆವು. ಗಾಡಿ ನಿಲ್ಲುತ್ತದೆ ಎಂದು ನಾನು ಹೇಳಿದ್ದೆ, ನಿಲ್ಲುತ್ತಿತ್ತು. ನಿಂತದ್ದನ್ನು ಕೇಳಿ ಕೇಳಿ, ನಾನು ಹೇಳಿದ್ದೇ ಸರಿ ಎಂದು ಒಳಗಿನ ಹಠ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಮಗಳ ಕಾಲಿನ ಬೊಬ್ಬೆ ನೋಡಿ ಕರುಳು ಚುರುಕ್ಕೆನ್ನುತ್ತಿತ್ತು, ಆದರೂ ಮನಸ್ಸಿನ ಯಾವುದೋ ಮೂಲೆಯಲ್ಲಿ "ನೋಡಿದ್ಯಾ, ನಾನು ಹೇಳಿರ್ಲಿಲ್ವಾ?" ಎಂಬ ದರಿದ್ರ ಸಂತೋಷ. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ನನ್ನ ಹಳೆಯ ಡೀಸೆಲ್ ಗಾಡಿಯಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅದರ ಕ್ಲಚ್ ಪ್ಲೇಟು ಸವೆದು ಎರಡು ತಿಂಗಳಾಗಿತ್ತು. ರಂಗಮಣಿಯನ್ನು ಕೇಳಿದರೆ, "ಅಣ್ಣಾ, ಆ ಪ್ಲೇಟು ಮಾಡೋ ಕಂಪನೀನೇ ಬಾಗ್ಲು ಹಾಕ್ಕೊಂಡಿದೆ. ಗುಜರಿಯಲ್ಲಿ ಹುಡುಕಿಸ್ತಿದ್ದೀನಿ. ನೀವು ದಿನಾ ಬಂದು ಕೇಳಿದ್ರೆ ಅದೇನು ಮೊಟ್ಟೆ ಇಟ್ಟು ಮರಿ ಮಾಡುತ್ತಾ?" ಎಂದಳು.

ಒಂದು ಭಾನುವಾರ ಮಧ್ಯಾಹ್ನ, ನಿಲ್ಲುವುದನ್ನು ಕಣ್ಣಾರೆ ನೋಡಬೇಕೆಂದು ಸುಕನ್ಯಾಳ ಜೊತೆ ನಾನೂ ಹೊರಟೆ. ಮೂರನೇ ತಿರುವಿನಲ್ಲಿ ಕಾರು ನಿಂತಿತು. ಜಗ್ಗಲಿಲ್ಲ, ಕೆಮ್ಮಲಿಲ್ಲ, ಹೊಗೆ ಕಾರಲಿಲ್ಲ. ಇಳಿದು ಬಾನೆಟ್ಟು ಎತ್ತಿದೆ. ಒಳಗೆ ಮುಚ್ಚಿದ ಪೆಟ್ಟಿಗೆ, ಕಿತ್ತಳೆ ಬಣ್ಣದ ದಪ್ಪ ವೈರು. ಕಿವಿಯಿಟ್ಟೆ, ಏನೂ ಇಲ್ಲ. ಕೈಯಿಟ್ಟೆ, ಸುಡಲೂ ಇಲ್ಲ. ಅಷ್ಟು ಏರು ಹತ್ತಿ ಬಂದ ಯಾವ ಗಾಡಿಯ ಮೇಲೂ ನಾನು ಹಾಗೆ ಕೈಯಿಟ್ಟಿರಲಿಲ್ಲ.

ಕಾರು ತಿರುಗಿಸಿಕೊಂಡು ಇಳಿಯತೊಡಗಿದೆವು. ಪರದೆಯ ಮೇಲೆ ಬ್ಯಾಟರಿಯ ಲೆಕ್ಕ ಅರವತ್ತೊಂದು ಎಂದಿತ್ತು. ಗುಡ್ಡದ ಬುಡಕ್ಕೆ ಬಂದಾಗ ಅರವತ್ತೆರಡು.

"ಮೀಟರ್ ಕೆಟ್ಟಿದೆ," ಎಂದೆ.

"ಕೆಟ್ಟಿಲ್ಲ ಅಪ್ಪಾ. ಇಳಿಯುವಾಗ ಇದು ಚಾರ್ಜ್ ಮಾಡ್ಕೊಳ್ಳುತ್ತೆ. ಚಕ್ರ ತಿರುಗೋದರಿಂದ್ಲೇ."

"ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾಗಿಲ್ಲ, ಕಣ್ಣೆದುರಿಗೇ ಇದೆ."

"ಇನ್ನೊಂದ್ಸಲ ಹೋಗೋಣ."

ಹೋದೆವು. ಹತ್ತುವಾಗ ಇಳಿಯಿತು, ಇಳಿಯುವಾಗ ಒಂದು ಏರಿತು. ಇನ್ನೊಂದು ಸಲ ಎಂದೆ. ಸೂರ್ಯ ಇಳಿಯುವ ತನಕ ಅಪ್ಪ ಮಗಳು ಮೂರನೇ ತಿರುವಿಗೂ ಗುಡ್ಡದ ಬುಡಕ್ಕೂ ಓಡಾಡಿದ್ದೇ ಓಡಾಡಿದ್ದು. ಕುರಿ ಕಾಯುತ್ತಿದ್ದ ಹೆಂಗಸೊಬ್ಬಳು ಏನು ಕಳೆದುಕೊಂಡಿರಿ ಎಂದು ಕೇಳಿದಳು. ಐದು ಸಲವೂ ಅದು ಮೂರನೇ ತಿರುವಿನಲ್ಲಿ ನಿಂತಿತು, ಐದು ಸಲವೂ ಇಳಿಯುವಾಗ ತನ್ನ ಹೊಟ್ಟೆಯನ್ನು ಸ್ವಲ್ಪ ತುಂಬಿಸಿಕೊಂಡಿತು. ನಾನು ಕಂಡ ಗಾಡಿಗಳೆಲ್ಲ ಕುಡಿಯುವಂಥವು. ಹತ್ತುವಾಗ ಹೆಚ್ಚು ಕುಡಿಯುತ್ತವೆ, ಇಳಿಯುವಾಗ ಕಡಿಮೆ ಕುಡಿಯುತ್ತವೆ, ಅಷ್ಟೇ ವ್ಯತ್ಯಾಸ. ಕುಡಿದದ್ದನ್ನು ಹಿಂದಕ್ಕೆ ಕೊಟ್ಟ ಗಾಡಿಯನ್ನು ನಾನು ನೋಡಿರಲಿಲ್ಲ, ಹೀಗೊಂದು ಇರಬಹುದು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಅಲ್ಲಿಂದ ನನಗೆ ಅದೊಂದು ಹುಳ ತಲೆಗೆ ಹೊಕ್ಕಿತು. ತಟ್ಟೆಯ ಮುಂದೆ ಕೂತರೆ ಅದೇ ಯೋಚನೆ. ಮಧ್ಯಾಹ್ನ ಸುಕನ್ಯಾ ಊಟಕ್ಕೆ ಬಂದಾಗ ಅವಳ ಕಾರಿನಲ್ಲಿ ಹೋಗಿ ಕೂತುಕೊಳ್ಳುತ್ತಿದ್ದೆ. ಸುಮ್ಮನೆ ನೋಡುತ್ತಿದ್ದೆ. ಕೆಳಗೆ ಬಗ್ಗಿ ಎಲ್ಲಿಂದ ಎಲ್ಲಿಗೆ ಏನು ಹೋಗಿದೆ ಎಂದು ಹುಡುಕುತ್ತಿದ್ದೆ. "ಇವಳು ಹುಟ್ದಾಗ್ಲೂ ನೀವು ಇಷ್ಟು ಹೊತ್ತು ಮುಖ ನೋಡಿರ್ಲಿಲ್ಲ," ಎಂದು ಪುಟ್ಟತಾಯಿ ಕಿಟಕಿಯಿಂದ ಕೂಗಿದಳು. ಅಕ್ಕಪಕ್ಕದವರೆಲ್ಲ ನಕ್ಕರು.

ಇದಾಗಿ ಒಂದು ವಾರ ಕಳೆದಿರಬಹುದು. ಶನಿವಾರ ಮಧ್ಯಾಹ್ನ ಮೂರು ಗಂಟೆ. ನಾವು ಮೂವರೂ ಕಟ್ಟೆಯ ಮೇಲಿದ್ದೆವು. ನೀಲಿ ಕಾರು ಬಂದು ಎದುರಿಗೆ ನಿಂತಿತು. ಸುಕನ್ಯಾ ಗಾಜು ಇಳಿಸಿದಳು.

"ಅಪ್ಪಾ, ಮೇಲಟ್ಟಿ ದೇವೀರಮ್ಮನ ಸೊಸೆ ಚಂದ್ರಿಕಾಗೆ ನೋವು ಶುರುವಾಗಿದೆಯಂತೆ. ಇನ್ನೂ ಮೂರು ವಾರ ಇತ್ತು. ನೀರು ಒಡೆದಿದೆ. ಆಂಬುಲೆನ್ಸ್ ಬರೋಕೆ ರಾತ್ರಿ ಆಗುತ್ತೆ ಅಂತಿದ್ದಾರೆ. ಮೂರನೇ ತಿರುವಿನ ತನಕ ಇದ್ರಲ್ಲಿ ಹೋಗಿ ಅಲ್ಲಿಂದ ನಡೀತೀನಿ. ಎರಡು ಬ್ಯಾಗ್ ಇದೆ. ಒಂದನ್ನ ಹೊರೋಕೆ ಬಾ."

ಅವಳ ಧ್ವನಿ ಸರಿಯಿರಲಿಲ್ಲ. ಚಂದ್ರಿಕಾಳದು ಎರಡನೆಯ ಬಸುರು. ಮೊದಲನೆಯದು ಹಾಲಿನ ವ್ಯಾನಿಗೆ ಕಾಯುತ್ತ ಕಾಯುತ್ತ ಹೋಗಿಬಿಟ್ಟಿತ್ತು. ಅದು ಊರಿಗೆಲ್ಲ ಗೊತ್ತಿತ್ತು.

ಎದ್ದವನು ಮತ್ತೆ ಕಟ್ಟೆಯ ಮೇಲೆ ಕೂತೆ. ಗಾಡಿಯ ಒಡತಿ ಎದುರಿಗೇ ಇದ್ದಳು, ನಾನು ಮಾಡಿದ ಪದ್ಧತಿಯನ್ನು ನಾನೇ ಮುರಿಯುವವನಿದ್ದೆ. "ಒಂದ್ನಿಮಿಷ ಇರಮ್ಮ. ಒಂದ್ಮಾತು ಹೇಳ್ಬೇಕು."

"ಬೇಡಪ್ಪಾ. ಹತ್ತುತ್ತೆ ಅಂತ ಸುಳ್ಳು ಹೇಳಿ ಏನು ಪ್ರಯೋಜನ? ನಿನಗೂ ಸಂಕಟ, ನನಗೂ ಸಂಕಟ. ಬಾ."

ಹತ್ತಲಿ ಎಂದು ನಾನು ಜೀವಮಾನದಲ್ಲಿ ಯಾವ ಗಾಡಿಯ ಬಗ್ಗೆಯೂ ಅಷ್ಟು ಹಂಬಲಿಸಿರಲಿಲ್ಲ. ಆದರೆ ಹಂಬಲವೇ ಬೇರೆ, ನಂಬಿಕೆಯೇ ಬೇರೆ. ಒಳಗೆ ಕೈಹಾಕಿ ನಂಬಿಕೆಯನ್ನು ಹುಡುಕಿದೆ, ಸಿಗಲಿಲ್ಲ. ಇದು ಹತ್ತಲ್ಲ ಎಂಬ ಹಳೆಯ ಮಾತಿಗಾಗಿಯೂ ಹುಡುಕಿದೆ. ವಿಚಿತ್ರವೆಂದರೆ ಅದೂ ಇದ್ದ ಜಾಗದಲ್ಲಿ ಇರಲಿಲ್ಲ. ಇದ್ದದ್ದು ಆ ಅರವತ್ತೆರಡು ಮಾತ್ರ.

"ಈ ಗಾಡಿ ಏರು ಹತ್ತುತ್ತೋ ಇಲ್ವೋ," ಎಂದೆ, "ನನಗೆ ಗೊತ್ತಿಲ್ಲ."

ಖಲೀಲ್ ಸಾಬರು ನನ್ನ ಮುಖ ನೋಡಿದರು. "ಏನಂದೆ?"

"ಗೊತ್ತಿಲ್ಲ ಅಂದೆ. ಮೂವತ್ತೆಂಟು ವರ್ಷದ ಗ್ಯಾರೇಜಲ್ಲಿ ಇಂಥಾದ್ದೊಂದನ್ನ ನಾನು ಕಂಡಿಲ್ಲ. ಇಳಿಯುವಾಗ ಹೊಟ್ಟೆ ತುಂಬಿಸ್ಕೊಳ್ಳೋದು ಹತ್ತುವಾಗ ಏನು ಮಾಡುತ್ತೋ ನಾನು ಹೆಂಗೆ ಹೇಳ್ಲಿ? ಉಸಿರಿಲ್ಲ ಅಂದಿದ್ದೆ. ಇದೆಯೋ ಇಲ್ವೋ ಅದೂ ಗೊತ್ತಿಲ್ಲ."

"ಅಯ್ಯೋ ದೇವ್ರೇ," ಎಂದಳು ರಂಗಮಣಿ. "ಕಟ್ಟೆ ಮೇಲೆ ಈ ಮಾತು ಯಾರೂ ಆಡಿಲ್ಲ ಕಣಣ್ಣಾ. ಇನ್ನು ಏನಾಗುತ್ತೋ!"

ಏನಾಗುತ್ತದೆ ಎಂದು ನೋಡಲು ನನಗೂ ಆತುರವಿತ್ತು. ಹೋಗಿ ಮಗಳ ಪಕ್ಕ ಕೂತೆ.

ಊರು ದಾಟಿದೆವು. ಮೊದಲನೇ ತಿರುವು, ಎರಡನೇ ತಿರುವು. ಮೂರನೆಯದು ಬಂದಾಗ ನನ್ನ ಎರಡೂ ಕಾಲುಗಳು ಅಲ್ಲಿಲ್ಲದ ಕ್ಲಚ್ಚು, ಬ್ರೇಕುಗಳನ್ನು ಒತ್ತಿ ಹಿಡಿದಿದ್ದವು. ಕಾರು ನಿಧಾನವಾಯಿತು. ತಿರುಗಿತು. ಪ್ರತಿ ಸಲ ನಿಲ್ಲುತ್ತಿದ್ದ ಬೂರುಗದ ಮರ ಎಡಗಡೆ ಬಂತು, ಹಿಂದೆ ಹೋಯಿತು.

ಇಬ್ಬರೂ ಏನೂ ಅನ್ನಲಿಲ್ಲ. ಅಂದರೆ ಎಲ್ಲಿ ನಿಂತುಬಿಡುತ್ತದೋ ಎಂಬ ಭಯ. ಸ್ವಲ್ಪ ದೂರ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಆ ಹಸಿರು ಗೆರೆ ಏನಮ್ಮ?" ಎಂದೆ. ಅವಳು ಹೇಳಿದಳು. "ಇದು ಯಾಕೆ ಹಿಂದಕ್ಕೆ ಜಾರಲ್ಲ?" ಅದನ್ನೂ ಹೇಳಿದಳು. "ಚಳಿಗಾಲದಲ್ಲಿ ಇದಕ್ಕೆ ಏನಾಗುತ್ತೆ?" ಒಂದಾದ ಮೇಲೊಂದು ಕೇಳುತ್ತಾ ಹೋದೆ, ಒಂದಾದ ಮೇಲೊಂದು ಹೇಳುತ್ತಾ ಹೋದಳು. ಕೆಲವು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಳು, ಅದನ್ನು ಹೇಳಲು ಅವಳಿಗೆ ನನ್ನಷ್ಟು ಕಷ್ಟವಾಗಲಿಲ್ಲ. ಮಗಳು ಇಷ್ಟು ಚೆನ್ನಾಗಿ ಗಾಡಿಯ ವಿಷಯ ಮಾತಾಡುತ್ತಾಳೆಂದು ನನಗೆ ತಿಳಿದಿರಲಿಲ್ಲ. ಅವಳಿಗೀಗ ಮೂವತ್ತನಾಲ್ಕು ವರ್ಷ. ಉತ್ತರ ನನಗೆ ಮೊದಲೇ ಗೊತ್ತಿಲ್ಲದ ಒಂದು ಪ್ರಶ್ನೆಯನ್ನೂ ಅಷ್ಟು ವರ್ಷದಲ್ಲಿ ಅವಳನ್ನು ಕೇಳಿರಲಿಲ್ಲ. ಅದು ಹೊಳೆದಾಗ ನಾಚಿಕೆಯಾಯಿತು.

"ಇದನ್ನೇ ಯಾಕೆ ತಗೊಂಡೆ?" ಎಂದೆ ಕೊನೆಗೆ.

"ಹಾಲಿನ ವ್ಯಾನಲ್ಲಿ ಬರೋ ಬಸುರಿಯರು ಡೀಸೆಲ್ ವಾಸನೆಗೆ ದಾರಿ ಪೂರ್ತಿ ವಾಂತಿ ಮಾಡ್ಕೊಳ್ತಾರಪ್ಪಾ. ಆಸ್ಪತ್ರೆಗೆ ಬರೋ ಹೊತ್ಗೆ ಅರ್ಧ ಜೀವ ಆಗಿರ್ತಾರೆ. ಇದ್ರಲ್ಲಿ ವಾಸನೆ ಇಲ್ಲ, ಅದುರೋದಿಲ್ಲ. ಹಿಂದೆ ಮಲಗ್ದೋರು ಮೆಲ್ಲಗೆ ನರಳಿದ್ರೂ ಓಡಿಸೋಳಿಗೆ ಕೇಳುತ್ತೆ."

ನಾನು ಗಾಡಿಯ ಸದ್ದು ಕೇಳುವವನಾಗಿ ಹೆಸರು ಮಾಡಿದವನು. ಒಳಗೆ ಕೂತವರ ಸದ್ದು ಕೇಳಬೇಕೆಂದು ಗಾಡಿ ಕೊಳ್ಳುವವರೂ ಇರುತ್ತಾರೆಂದು ಹೊಳೆದಿರಲಿಲ್ಲ.

ಆರನೇ ತಿರುವಿನಲ್ಲಿ ಜಲ್ಲಿ ಕಿತ್ತುಬಂದಿತ್ತು. ಮುಂದಿನ ಚಕ್ರ ಸುತ್ತಿ ಕಲ್ಲು ಹಾರಿಸಿತು, ಕಾರು ನಿಂತಿತು. "ಜೋರಾಗಿ ಕೊಡು!" ಎಂಬ ಮಾತು ನಾಲಗೆಯ ತುದಿಯ ತ‌ನಕ ಬಂದಿತ್ತು. ಡೀಸೆಲ್ ಗಾಡಿಗೆ ಅದೇ ಮದ್ದು. ಅದನ್ನು ನುಂಗಿಕೊಂಡು, "ಈಗೇನು ಮಾಡ್ತೀಯ?" ಎಂದೆ.

"ಇದಕ್ಕೆ ಜೋರು ಮಾಡಿದ್ರೆ ಚಕ್ರ ಇನ್ನೂ ಸುತ್ತುತ್ತೆ ಅಷ್ಟೇ. ಬೆರಳಷ್ಟು ಕೊಡ್ಬೇಕು," ಎಂದು, ಸ್ಟೇರಿಂಗನ್ನು ಸ್ವಲ್ಪ ಒಳಗೆ ತಿರುಗಿಸಿ, ಕಾಲನ್ನು ಮೊಟ್ಟೆಯ ಮೇಲೆ ಇಟ್ಟಷ್ಟು ಹಗುರವಾಗಿ ಇಟ್ಟಳು. ಚಕ್ರ ಒಮ್ಮೆ ಜಾರಿತು. ಆಮೇಲೆ ಕಚ್ಚಿಕೊಂಡಿತು. ಜಲ್ಲಿ ದಾಟಿದೆವು, ಏಳನೆಯದನ್ನೂ ದಾಟಿದೆವು. ದೇವೀರಮ್ಮನ ಮನೆಯ ಮುಂದೆ ಕಾರು ನಿಲ್ಲಿಸಿದ್ದೇ ತಡ, ಸುಕನ್ಯಾ ಬ್ಯಾಗುಗಳನ್ನು ಎಳೆದುಕೊಂಡು ಒಳಗೆ ಓಡಿದಳು. ಅವಳು ತೆರೆದಿಟ್ಟು ಹೋದ ಬಾಗಿಲು ಹಾಕಿದವನು ನಾನು.

ಒಳಗಿನಿಂದ ಚಂದ್ರಿಕಾಳ ಕೂಗು ಕೇಳುತ್ತಿತ್ತು. ಹೊರಗೆ ನನಗೆ ಮಾಡಲು ಏನೂ ಇರಲಿಲ್ಲ. ಹಟ್ಟಿಯವರು ಒಬ್ಬೊಬ್ಬರಾಗಿ ಬಂದು ಕಾರಿನ ಸುತ್ತ ನಿಂತರು. ಆತಂಕದಲ್ಲಿರುವ ಜನ ಕಣ್ಣೆದುರಿನದ್ದನ್ನು ಮಾತಾಡುತ್ತಾರೆ. ದೇವೀರಮ್ಮನ ಮೈದುನ ಕೆಂಚಣ್ಣ ನನ್ನ ಗುರುತು ಹಿಡಿದ.

"ಕಟ್ಟೆ ದೊರೆಣ್ಣ ಅಲ್ವಾ ನೀವು? ಹೆಂಗೈತೆ ಗಾಡಿ? ನಮ್ ಹುಡುಗ್ರೂ ಇಂಥಾದ್ದೇ ತಗೋಬೇಕು ಅಂತವ್ರೆ. ನೀವು ಹೇಳಿದ್ರೆ ಮುಗೀತು."

ಎಲ್ಲರೂ ನನ್ನ ಬಾಯಿ ನೋಡಿದರು. ಅಭಿಪ್ರಾಯಗಳೇನು ಕಮ್ಮಿಯಿರಲಿಲ್ಲ. ಹಾರ್ನು ಮೇಕೆಯ ಹಾಗೆ ಕೂಗುತ್ತದೆ, ನೆಲಕ್ಕೆ ತೀರಾ ಹತ್ತಿರವಿದೆ, ಪರದೆ ಬಿಸಿಲಿಗೆ ಕಾಣುವುದಿಲ್ಲ. ನಾಲ್ಕೈದು ತುಟಿಯ ತುದಿಗೇ ಬಂದು ನಿಂತಿದ್ದವು. ಅಲ್ಲಿ ಕಟ್ಟೆಯೂ ಇರಲಿಲ್ಲ, ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ.

"ಗಾಡಿ ಅವಳದ್ದು. ಹೊರಗೆ ಬರ್ಲಿ, ಅವಳನ್ನೇ ಕೇಳಿ," ಎಂದೆ.

ಕಾದೆವು. ಯಾರೋ ಟೀ ತಂದುಕೊಟ್ಟರು, ಕೈಯಲ್ಲೇ ಆರಿಹೋಯಿತು. ಐದೂವರೆಯ ಹೊತ್ತಿಗೆ ಮಗುವಿನ ಅಳು ಕೇಳಿತು. ಕೆಂಚಣ್ಣ ತಲೆಯ ಟವೆಲು ತೆಗೆದು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಸುಕನ್ಯಾ ಹೊರಗೆ ಬಂದಳು. ತೋಳು ಮೊಣಕೈವರೆಗೂ ಒದ್ದೆ, ಕೂದಲು ಹಣೆಗೆ ಅಂಟಿತ್ತು. "ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ," ಎಂದಳು. "ಸ್ವಲ್ಪ ಸಣ್ಣದು. ಇನ್ನರ್ಧ ಗಂಟೆ ಬಿಟ್ಟು ಇಬ್ರನ್ನೂ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

ಜನ ಅವಳಿಗೆ ಕೈ ಮುಗಿದರು, ದೇವೀರಮ್ಮ ಅವಳ ಕೆನ್ನೆ ನೇವರಿಸಿ ನೆಟಿಗೆ ಮುರಿದಳು. ಕೆಂಚಣ್ಣ ಕಣ್ಣೊರೆಸಿಕೊಂಡವನು ಬಿಡಲಿಲ್ಲ. "ಸಿಸ್ಟರ್, ನಿಮ್ಮಪ್ಪನ್ನ ಕೇಳಿದ್ರೆ ನಿಮ್ಮನ್ನೇ ಕೇಳಿ ಅಂದ್ರು. ಹೆಂಗೈತೆ ಗಾಡಿ?"

ಸುಕನ್ಯಾ ನನ್ನ ಕಡೆ ನೋಡಿದಳು. ನಾನು ಹಾಗೆ ಹೇಳಿದ್ದೇನೆಂದು ನಂಬಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕಾರಿನ ಹತ್ತಿರ ಬಂದು, ಹಿಂದಿನ ಬಾಗಿಲು ತೆಗೆದಳು.

"ಗಾಡಿ ಒಳ್ಳೇದು. ಆದ್ರೆ ಈ ಬಾಗ್ಲು ಸಾಲ್ದು. ಇಷ್ಟೇ ತೆರೆಯುತ್ತೆ ನೋಡಿ. ಹೊಟ್ಟೆ ಇರೋ ಹೆಂಗಸು ಪಕ್ಕಕ್ಕೆ ತಿರುಗಿ, ತಲೆ ಬಗ್ಗಿಸಿ, ಒಂದು ಕಾಲು ಹಾಕಿ ಇನ್ನೊಂದನ್ನ ಎಳ್ಕೋಬೇಕು. ಬಾಣಂತಿ ಆದ್ರೆ ಇನ್ನೂ ಕಷ್ಟ. ಇದಷ್ಟೇ ಅಲ್ಲ, ಎಲ್ಲಾ ಕಾರಿಂದೂ ಇದೇ ಹಣೆಬರಹ. ಅಮ್ಮಂದಿರು ಹತ್ತಿ ಇಳೀತಾರೆ ಅಂತ ನೆನಪಿಟ್ಕೊಂಡು ಯಾರೂ ಬಾಗ್ಲು ಮಾಡೇ ಇಲ್ಲ."

ಎಷ್ಟು ಗಾಡಿಗಳ ಎಂಜಿನ್ನು, ಗೇರು, ಮೈಲೇಜು, ಸ್ಟೆಪ್ನಿ, ಪರದೆ, ಚಾವಣಿಗಳ ಬಗ್ಗೆ ನಾವು ತೀರ್ಪು ಕೊಟ್ಟಿದ್ದೆವು! ಹಿಂದಿನ ಬಾಗಿಲಿನ ಬಗ್ಗೆ ಕಟ್ಟೆಯ ಮೇಲೆ ಒಬ್ಬರೂ ಒಂದು ಮಾತು ಆಡಿರಲಿಲ್ಲ. ಅದು ಹೇಗಿದ್ದರೂ ನಮಗೆ ನಡೆಯುತ್ತಿತ್ತು. ನಾವು ಕೂರುತ್ತಿದ್ದದ್ದು ಮುಂದೆ.

ಒಳಗೆ ಚಂದ್ರಿಕಾಳನ್ನು ಮೆಲ್ಲಗೆ ಎಬ್ಬಿಸುತ್ತಿದ್ದರು. ನಾನು ಹೋಗಿ ಆ ಬಾಗಿಲನ್ನು ಹಿಡಿದು ತಳ್ಳಿದೆ. ಅದು ಅಷ್ಟಕ್ಕೇ ನಿಂತಿತು. ನನ್ನ ಅಗಲಕ್ಕೆ ಅಳೆದು ನೋಡಿದೆ, ಸಾಲದು ಎಂಬುದು ನಿಜ. ಎಷ್ಟು ಸಾಲದು ಎಂಬುದು ನನಗೆ ತಿಳಿಯಲಿಲ್ಲ.

"ಎಷ್ಟು ಅಗಲ ಬೇಕಿತ್ತಮ್ಮ?" ಎಂದು ಮಗಳನ್ನು ಕೇಳಿದೆ. "ಕೈಯಲ್ಲಿ ತೋರ್ಸು."